ನಾಮ ಹಾಕ್‌ಬ್ಯಾಡಿ

ಶಾಂತಾಬಾಯಿಯವರಿಗೆ ಅನುಮಾನವೆನ್ನುವುದು ತವರುಮನೆಯ ಬಳುವಳಿ. ಹಾಲಿನವನು ತಂದ ಹಾಲಿಗೆ ಬೆರಳು ಅದ್ದಿ ನೋಡದೆ ಪಾತ್ರೆಗೆ ಸುರಿಸಿಕೊಂಡವರಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೂ ಕಂಡಕ್ಟರ್ ಹರಿದುಕೊಟ್ಟ ಟಿಕೆಟ್ಟನ್ನು ಹಿಂದೆಮುಂದೆ ತಿರುಗಿಸಿ ನೋಡಿಯೇ ಪರ್ಸಿಗೆ ಹಾಕುವವರು. ಗಂಡ ಸುಬ್ಬರಾಮ ಊಟಕ್ಕೆ ಕೂತು, ಸಾರು ಚೆನ್ನಾಗಿದೆ ಕಣೇ ಎಂದರೆ, ಇವತ್ತು ಇವರು ಹೀಗೇಕೆ ಅಂದರು ಎಂದು ಮಧ್ಯಾಹ್ನವೆಲ್ಲ ಯೋಚಿಸುವ ಹೆಂಗಸು. ತಮಿಳು ಸೀಮೆಗೆ ಸೇರಿದ ಹೊಸೂರಿನಲ್ಲಿ ತಾತನ ಕಾಲದಿಂದ ಮೇಷ್ಟರ ಮನೆ ಎಂದೇ ಹೆಸರಾದ ಮನೆಯಲ್ಲಿ ಹುಟ್ಟಿ, ತಾವೂ ಟೀಚರಾಗಿ, ಈಗ ಜವಳಗಿರಿಯಿಂದ ಒಳಕ್ಕೆ ಕಾಡಂಚಿನ ಒಂದು ಕನ್ನಡ ಶಾಲೆಗೆ ಹೆಡ್‌ಮಿಸ್ಟ್ರೆಸ್ ಆಗಿದ್ದರು.

ಆ ಶಾಲೆಗೆ ಮುಚ್ಚುವ ಕಾಲ ಬಂದಿತ್ತು. ಒಂಟಿ ಸಲಗವೊಂದು ಹಳ್ಳದ ದಾರಿಯಲ್ಲಿ ಠಳಾಯಿಸತೊಡಗಿದ ಮೇಲೆ ಆಚೆಯ ದೊಡ್ಡಿ ಎಂಬ ಪುಟ್ಟ ಹಟ್ಟಿಗಳವರು ಮಕ್ಕಳನ್ನು ಕಳಿಸುವುದು ಬಿಟ್ಟರು. ಬೆಂಚುಗಳು ಖಾಲಿ ಬಿದ್ದವು. ಇನ್ನೂ ಕಮ್ಮಿಯಾದರೆ ದೊಡ್ಡ ಊರಿನ ತಮಿಳು ಶಾಲೆಗೆ ಸೇರಿಸಿಬಿಡುತ್ತೇವೆ ಎಂದು ಮೇಲಿನವರು ಬಾಯಿಮಾತಿನಲ್ಲಿ ಹೇಳಿ ಹೋಗಿದ್ದರು. ಶಾಂತಾಬಾಯಿಗೆ ಮಕ್ಕಳ ಚಿಂತೆ ಇರಲಿಲ್ಲವೆಂದಲ್ಲ. ಆದರೆ ನಿಜ ಹೇಳಬೇಕೆಂದರೆ ಅದಕ್ಕಿಂತ ಹೆಚ್ಚಿನ ಚಿಂತೆ ಹೆಸರಿನದು. ರಿಟೈರಾಗುವ ಹೊತ್ತಿಗೆ ಶಾಲೆಗೆ ಬೀಗ ಜಡಿದ ಶಾಂತಾಬಾಯಿ ಅನ್ನಿಸಿಕೊಂಡರೆ, ಮೇಷ್ಟರ ಮನೆ ಎನ್ನುವ ಮಾತಿಗೆ ಇನ್ನೇನು ಮರ್ಯಾದೆ?

ಹಾಗಿರುವಾಗ ಪೊಂಗಲ್ ರಜೆ ಮುಗಿದ ಬೆಳಿಗ್ಗೆ ಒಂದು ಹಳೇ ಟೆಂಪೊ ಬಂದು ಗೇಟಿನೆದುರು ನಿಂತಿತು. ಅದರ ಹಿಂದಿನಿಂದ ದೊಡ್ಡಿಯ ಮಕ್ಕಳು ದಬದಬ ಇಳಿದರು. ಎಲ್ಲರ ಬಾಯಲ್ಲೂ ಹುಣಿಸೆಹಣ್ಣು, ಎಲ್ಲರ ಮೂತಿಯೂ ಸೊಟ್ಟ. ಗಾಡಿಯವನ ಹೆಸರು ಪ್ಯಾರೇಜಾನ್. ಹಳ್ಳಿಹಳ್ಳಿ ತಿರುಗಿ ಹುಣಿಸೆ ಕೊಂಡು ಹೊಸೂರಿನ ಮಂಡಿಗೆ ಹಾಕುವ, ತಳಿ ಎಂಬ ಊರಿನ ಕಡೆಯ ಸಾಬಿ. ಕುಳ್ಳ ಆಳು, ಗಡ್ಡ ಅರ್ಧ ನರೆತಿತ್ತು. ಹೆಂಗೂ ದೊಡ್ಡಿಗೆ ಹೋಗಿ ಬತ್ತೀನಿ, ಮಕ್ಕಳು ಮೂಟೆ ಮೇಲೆ ಕೂತ್ಕೊಂಡು ಬರಲಿ ಬಿಡಿ ಎಂದು ಸೀಟಿನಿಂದ ಇಳಿಯದೆಯೇ ಹೇಳಿ, ಗಾಡಿ ತಿರುಗಿಸಿಕೊಂಡು ಹೋದ. ಅಂದಿನಿಂದ ದಿನವೂ ಬಂದ. ರಂಜಾನ್ ತಿಂಗಳಲ್ಲಿ ಉಪವಾಸದ ಒಣತುಟಿಯಲ್ಲೂ ಬಂದ. ಶಾಲೆ ತುಂಬಿತು.

ಬೇರೆಯವರಾಗಿದ್ದರೆ ದೇವರಿಗೆ ಕೈಮುಗಿದು ಸುಮ್ಮನಾಗುತ್ತಿದ್ದರು. ಶಾಂತಾಬಾಯಿ ಸುಮ್ಮನಾಗುವ ಜಾತಿಯಲ್ಲ. ಹುಣಿಸೆಯ ಕಾಲವಿದ್ದಷ್ಟು ದಿನ ಹೇಗೋ ತಡೆದುಕೊಂಡರು. ಬೇಸಿಗೆ ರಜೆ ಕಳೆದು ಜೂನಿನಲ್ಲಿ ಶಾಲೆ ತೆರೆದಾಗಲೂ ಅದೇ ಟೆಂಪೊ ಬಂದು ನಿಂತಾಗ ಅವರ ಕಿವಿ ನೆಟ್ಟಗಾಯಿತು. ಜೂನಿನಲ್ಲಿ ಹುಣಿಸೆ ಮರದಲ್ಲಿ ಹೂವಲ್ಲದೆ ಇನ್ನೇನಿರುತ್ತದೆ? ಹಣ್ಣೇ ಇಲ್ಲದ ಮೇಲೆ ಈ ಮನುಷ್ಯನಿಗೆ ದೊಡ್ಡಿಯಲ್ಲಿ ಏನು ಕೆಲಸ? ಇನ್ನೊಂದನ್ನೂ ಅವರು ಗಮನಿಸಿದರು. ಮೊದಲೆಲ್ಲ ದೊಡ್ಡಿಯ ತಿರುವಿನಲ್ಲಿ ಆ ಗಾಡಿ ಹೊಡೆಯುತ್ತಿದ್ದ ಉದ್ದ ಹಾರ್ನು ಹಳ್ಳ ದಾಟಿ ಶಾಲೆಯವರೆಗೂ ಕೇಳುತ್ತಿತ್ತು. ಈಗ ಗಾಡಿ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುತ್ತಿತ್ತು. ಯಾಕೆ ಎಂದು ಕೇಳಿದರೆ ಪ್ಯಾರೇಜಾನ್ ನೆಲ ನೋಡಿಕೊಂಡು, ಹಾರ್ನು ಕೆಲಸ ಮಾಡ್ತಿಲ್ಲ ಟೀಚರಮ್ಮ, ಅಂದ. ಸುಳ್ಳು ಹೇಳುವವನು ನೆಲ ನೋಡುತ್ತಾನೆಂಬುದು ಶಾಂತಾಬಾಯಿಗೆ ಒಂದನೇ ಕ್ಲಾಸಿನ ಮಕ್ಕಳಿಂದಲೇ ಗೊತ್ತಿತ್ತು.

ಒಳ್ಳೇದು ಮಾಡೋನಿಗೂ ಕಾರಣ ಇರಲೇಬೇಕೇನೇ ಎಂದು ಸುಬ್ಬರಾಮ ಕೇಳಿದರು. ಕಾರಣ ಇಲ್ಲದೆ ಮಾಡುವವರು ಹುಚ್ಚರು, ಆ ಸಾಬಿಯೇನೂ ಹುಚ್ಚನಲ್ಲ ಎಂದು ಶಾಂತಾಬಾಯಿ ಅವರ ಬಾಯಿ ಮುಚ್ಚಿಸಿದರು.

ಅನುಮಾನ ಒಂದು ಕಡೆಗಿರಲಿ, ಆ ಟೆಂಪೊ ಇಲ್ಲದೆ ಶಾಲೆ ಇಲ್ಲವೆಂಬುದೂ ಅವರಿಗೆ ಗೊತ್ತಿತ್ತು. ಅದಕ್ಕೆ ಒಂದು ಉಪಾಯ ಹೂಡಿದರು. ಪ್ಯಾರೇಜಾನನನ್ನು ಕರೆದು ಶಾಲು ಹೊದಿಸಿ ಸನ್ಮಾನ ಮಾಡುವುದು, ಪೇಪರಿನ ಗೋಪಿನಾಥನಿಂದ ಫೋಟೊ ಸಮೇತ ಬರೆಸುವುದು, ಊರಿನ ಸಮಿತಿಯೊಂದನ್ನು ಕಟ್ಟಿ ಡೀಸೆಲ್ಲಿಗೆ ಚಂದಾ ಎತ್ತುವುದು. ಪೇಪರಿನಲ್ಲಿ ಬಂದ ಶಾಲೆಯನ್ನು ಯಾವ ಆಫೀಸರೂ ಮುಟ್ಟುವುದಿಲ್ಲ. ಹೆಸರು ಕೊಟ್ಟು ಕಟ್ಟಿಹಾಕಿದರೆ ಸಾಬಿಯೂ ನಡುವೆ ಕೈಕೊಟ್ಟು ಹೋಗುವ ಹಾಗಿಲ್ಲ. ಎಲ್ಲ ಲೆಕ್ಕ ಹಾಕಿಯೇ ಅವರು ಬಸ್ ಸ್ಟಾಪಿನ ಬಚ್ಚಪ್ಪನ ಟೀ ಅಂಗಡಿಯ ಎದುರು ಟೆಂಪೊ ನಿಲ್ಲಿಸಿ, ನಾಲ್ಕು ಜನರ ಮುಂದೆ ಈ ಸಂಗತಿಯನ್ನು ಸಂಭ್ರಮದಿಂದ ಹೇಳಿದ್ದು.

ಪ್ಯಾರೇಜಾನನ ಮುಖ ಬಿಳಿಚಿಕೊಂಡಿತು. ಅಂದು ಮೊದಲ ಸಲ ಸೀಟಿನಿಂದ ಇಳಿದ. ಇಳಿದು ಎರಡೂ ಕೈ ಜೋಡಿಸಿದ.

"ನಾಮ ಹಾಕ್‌ಬ್ಯಾಡಿ ಟೀಚರಮ್ಮ. ನಿಮ್ಮ ಕಾಲಿಗ್ ಬೀಳ್ತೀನಿ, ನಮಗೆ ನಾಮ ಹಾಕ್‌ಬ್ಯಾಡಿ."

ಅಂಗಡಿಯಲ್ಲಿ ಕೂತವರೆಲ್ಲ ಗೊಳ್ಳೆಂದು ನಕ್ಕರು. ನಗದೆ ಏನು ಮಾಡುತ್ತಾರೆ? ಕನ್ನಡದವನಿಗೂ ತಮಿಳಿನವನಿಗೂ ತೆಲುಗಿನವನಿಗೂ ಈ ಸೀಮೆಯಲ್ಲಿ ನಾಮ ಹಾಕುವುದೆಂದರೆ ಒಂದೇ ಅರ್ಥ: ಟೋಪಿ ಹಾಕಿ, ಕೈಗೆ ಚಿಪ್ಪು ಕೊಟ್ಟು ಕಳಿಸುವುದು. ಚಂದಾ ಎನ್ನುವ ಮಾತು ಶಾಂತಾಬಾಯಿಯ ಬಾಯಿಂದ ಬಿದ್ದ ಮರುಗಳಿಗೆಯೇ ಈ ಮನುಷ್ಯ ಹಾಗೆ ಅಂದಿದ್ದ. ಅವರಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ಯಾರ ಬಗ್ಗೆ ತಾವು ಆರು ತಿಂಗಳಿಂದ ಅನುಮಾನ ಪಟ್ಟಿದ್ದರೋ ಅವನು ತಮ್ಮ ಮೇಲೆಯೇ ಅನುಮಾನ ಪಟ್ಟ! ಮೇಷ್ಟರ ಮನೆಯವರು ಊರಿಗೆ ನಾಮ ಹಾಕುವವರೇ? ಬಂದ ಬಸ್ಸು ಹತ್ತಿದರು. ಹೊಸೂರು ಬರುವವರೆಗೂ ಕಿವಿಯಲ್ಲಿ ಆ ನಗು ಇತ್ತು.

ಆಮೇಲೆ ಶಾಂತಾಬಾಯಿ ಮಾಡಿದ್ದೇನು ಎಂದರೆ, ಏನೂ ಇಲ್ಲ. ಬರೀ ಪ್ರಶ್ನೆ ಕೇಳಿದರು. ಹುಣಿಸೆ ಇಲ್ಲದ ಕಾಲದಲ್ಲಿ ಅವನಿಗೆ ಕಾಡಿನ ಕಡೆ ಏನು ಕೆಲಸ ಎಂದು ಬಚ್ಚಪ್ಪನನ್ನು ಕೇಳಿದರು. ಪೇಪರಿನವರು ಅಂದರೆ ಅವನು ಯಾಕೆ ಹಾಗೆ ಬೆದರಿದ ಎಂದು ಗೋಪಿನಾಥನನ್ನು ಕೇಳಿದರು. ಹಾರ್ನು ಯಾಕೆ ಹೊಡೆಯುವುದಿಲ್ಲ, ನಿಮಗೇನಾದರೂ ಗೊತ್ತೇ ಎಂದು ಮಕ್ಕಳ ತಾಯಂದಿರನ್ನು ಕೇಳಿದರು. ಕೇಳಿದ ಪ್ರಶ್ನೆಗೆ ಊರು ತಾನೇ ಉತ್ತರ ಕಟ್ಟಿಕೊಂಡಿತು. ಗಂಧದ ಮರ ಎಂದರು ಕೆಲವರು, ಗಾಂಜಾ ಎಂದರು ಕೆಲವರು. ಕೊನೆಗೆ ಯಾರೋ ಫೋನು ಮಾಡಿದರು, ಪೊಲೀಸರು ಚೆಕ್‌ಪೋಸ್ಟಿನಲ್ಲಿ ಟೆಂಪೊ ತಡೆದು, ಅಳುವ ಮಕ್ಕಳನ್ನು ಇಳಿಸಿ ತಪಾಸಣೆ ಮಾಡಿದರು. ಸಿಕ್ಕಿದ್ದು ಒಂದಿಷ್ಟು ಹುಣಿಸೆಬೀಜ, ಒಂದು ಟಾರ್ಚು, ಸೀಟಿನ ಕೆಳಗೆ ಒಂದು ಚೀಲ ಪಟಾಕಿ.

ಪಟಾಕಿ ಆನೆ ಓಡಿಸಲಿಕ್ಕೆ ಇರಬಹುದು ಎಂದು ಶಾಂತಾಬಾಯಿಗೆ ಹೊಳೆಯಲಿಲ್ಲವೇ? ಹೊಳೆಯಿತು, ಯಾಕೆ ಹೊಳೆಯುವುದಿಲ್ಲ. ಕಾಡಂಚಿನಲ್ಲಿ ಅಷ್ಟು ವರ್ಷ ಪಾಠ ಮಾಡಿದವರು. ಆದರೆ ಆ ಹೊತ್ತಿಗೆ ಅವರನ್ನು ಯಾರೂ ಕೇಳಲಿಲ್ಲ, ಅವರೂ ಯಾರಿಗೂ ಹೇಳಲಿಲ್ಲ. ಪೊಲೀಸರು ಪ್ಯಾರೇಜಾನನನ್ನು ಒಂದು ದಿನ ಕೂರಿಸಿಕೊಂಡು, ಏನೂ ಇಲ್ಲವೆಂದು ಬಿಟ್ಟುಕಳಿಸಿದರು. ಅದು ಪೇಪರಿನಲ್ಲಿ ಬರಲಿಲ್ಲ. ಬಂದದ್ದು ಬೇರೆ. ಪಟಾಕಿ ಎನ್ನುವುದು ಅಚ್ಚಾಗುವಷ್ಟರಲ್ಲಿ ಸ್ಫೋಟಕ ವಸ್ತು ಆಗಿತ್ತು, ಪ್ಯಾರೇಜಾನ್ ಎನ್ನುವ ಹೆಸರು ಅದಕ್ಕೆ ಇನ್ನಷ್ಟು ಕಾವು ಕೊಟ್ಟಿತ್ತು. ಮುಖ್ಯೋಪಾಧ್ಯಾಯಿನಿಯ ಎಚ್ಚರದಿಂದ ತಪ್ಪಿದ ಅನಾಹುತ ಎಂದು ಗೋಪಿನಾಥ ಶಾಂತಾಬಾಯಿಯ ಫೋಟೊ ಹಾಕಿ ಬರೆದಿದ್ದ.

ಆಮೇಲಿನದೆಲ್ಲ ನೀರು ಹರಿದ ಹಾಗೆ ನಡೆದುಹೋಯಿತು. ಮೇಲಿನವರು ಬಂದು ಹೊಗಳಿದರು. ಹೊಸೂರಿನ ಒಂದು ಕಾರ್ಖಾನೆಯವರು ಶಾಲೆಗೆ ವ್ಯಾನು ಕೊಟ್ಟರು. ಅದರ ಮೈತುಂಬ ಕಾರ್ಖಾನೆಯ ಹೆಸರೇ, ಕಿಟಕಿಗಿಂತ ದೊಡ್ಡ ಅಕ್ಷರದಲ್ಲಿ. ಆಗಸ್ಟ್ ಹದಿನೈದಕ್ಕೆ ಧ್ವಜ ಹಾರಿಸಿದ ಮೇಲೆ ಶಾಂತಾಬಾಯಿಗೆ ಶಾಲು ಹೊದಿಸಿದರು. ಶಾಲೆ ಮುಚ್ಚುವ ಮಾತೇ ಇಲ್ಲ. ಪೇಪರಿನ ತುಣುಕಿಗೆ ಚೌಕಟ್ಟು ಹಾಕಿಸಿ ಆಫೀಸ್ ರೂಮಿನಲ್ಲಿ ತೂಗುಹಾಕಿದರು. ನಾಚಿಕೆಗೇಡು, ಆದರೆ ಅವರಿಗೆ ಬಹಳ ಖುಷಿಯಾಗಿತ್ತು.

ಅದಾದ ಒಂದು ವಾರಕ್ಕೆ ನಾಲ್ಕನೇ ಕ್ಲಾಸಿಗೆ ವ್ಯಾಕರಣ ಪಾಠ. ಪ್ರತಿ ವರ್ಷ ಮಾಡುವ ಪಾಠವೇ. ಬೋರ್ಡಿನ ಮೇಲೆ ನಾಮಪದ ಎಂದು ಬರೆದು, ನಾಮ ಅಂದರೇನು ಹೇಳಿ ಎಂದು ಮಕ್ಕಳ ಕಡೆ ತಿರುಗಿದರು.

"ಹೆಸರು, ಟೀಚರ್," ಅಂದವು ಮಕ್ಕಳು.

ಸೀಮೆಸುಣ್ಣ ಶಾಂತಾಬಾಯಿಯ ಕೈಯಲ್ಲೇ ಉಳಿಯಿತು. ಹೆಸರು. ನಾಮ ಎಂದರೆ ಹೆಸರು. ಸಾಬರ ಮನೆಯಲ್ಲಿ ನಾಮ್ ಎಂದರೂ ಹೆಸರೇ, ಅದಕ್ಕೆ ಕನ್ನಡದ ಬಾಲ ಕಟ್ಟಿ ಆಡಿದ ಮಾತು ಅದು. ನಮ್ಮ ಹೆಸರು ಹಾಕಬೇಡಿ, ಕಾಲಿಗೆ ಬೀಳ್ತೀನಿ, ನಮ್ಮ ಹೆಸರು ಪೇಪರಿಗೆ ಹಾಕಬೇಡಿ ಎಂದು ಆ ಮನುಷ್ಯ ಅಂಗಲಾಚಿದ್ದ. ಜೀವಮಾನವಿಡೀ ನಾಮಪದ ಕಲಿಸಿದ ಟೀಚರ ಕಿವಿಗೆ ಅದು ಬೀಳಲಿಲ್ಲ. ಟೀ ಅಂಗಡಿಯ ನಗು ಬಿತ್ತು. ಮಕ್ಕಳಿಗೆ ಓದಿಕೊಳ್ಳಲು ಹೇಳಿ ಅವರು ಕುರ್ಚಿಯ ಮೇಲೆ ಕೂತುಬಿಟ್ಟರು.

ಆ ಸಂಜೆಯೇ ವಿಳಾಸ ವಿಚಾರಿಸಿಕೊಂಡು ಹೋದರು. ತಳಿಯ ಹೊರಗೆ ಶೀಟಿನ ಮನೆ, ಅಂಗಳದಲ್ಲಿ ಟಾರ್ಪಾಲು ಹೊದ್ದ ಟೆಂಪೊ. ಪ್ಯಾರೇಜಾನ್ ಕುರ್ಚಿ ತಂದು ಹಾಕಿ ತಾನು ಹೊಸ್ತಿಲ ಮೇಲೆ ಕೂತ. ಶಾಂತಾಬಾಯಿ ತಾವು ಆ ಮಾತನ್ನು ಹೇಗೆ ಅರ್ಥ ಮಾಡಿಕೊಂಡಿದ್ದರೆಂಬುದನ್ನು ತಡವರಿಸುತ್ತ ಹೇಳಿದಾಗ ಅವನು ಮೊದಲು ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ, ಬಚ್ಚಪ್ಪನ ಅಂಗಡೀಲಿ ಎಲ್ಲಾರೂ ನಕ್ಕಿದ್ದು ಇದಕ್ಕಾ ಎಂದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕ. ಶಾಂತಾಬಾಯಿಗೆ ನಗು ಬರಲಿಲ್ಲ. ನಾಳೆಯೇ ಪೇಪರಿನಲ್ಲಿ ನಿಜ ಬರೆಸುತ್ತೇನೆ, ನೀವು ಎಂಥವರು ಎಂದು ಊರಿಗೆಲ್ಲ ಸಾರುತ್ತೇನೆ ಅಂದರು. ಅವನ ನಗು ನಿಂತಿತು.

ಹೆಸರು ಬಂದರೆ ಏನು ಕೆಡುತ್ತದೆ ಎಂದು ಅವರು ಕೇಳಿದರು. ಈ ಸಲ ಅನುಮಾನದಿಂದಲ್ಲ, ತಿಳಿಯದೆ ಕೇಳಿದರು. ಪ್ಯಾರೇಜಾನ್ ಟೆಂಪೊದ ಕಡೆ ನೋಡಿದ. ನೀವು ಗುರು ಅಂತೀರಲ್ಲ, ಹಾಗೆ ನಮಗೆ ಒಬ್ಬ ಹಜ್ರತ್ ಇದ್ದರು, ಬೇರೆಯವರ ಮೇಲೆ ಅನುಮಾನ ಪಡಬೇಡ, ಆ ಅನುಮಾನವನ್ನೆಲ್ಲ ನಿನ್ನ ಮೇಲೆಯೇ ಇಟ್ಟುಕೋ ಅನ್ನುತ್ತಿದ್ದರು ಎಂದ. ಶಾಂತಾಬಾಯಿ ತಲೆ ತಗ್ಗಿಸಿದರು. ಅವನಿಗೆ ಅದು ತಿಳಿಯಲೂ ಇಲ್ಲ. ತನ್ನಷ್ಟಕ್ಕೇ ಹೇಳಿಕೊಂಡು ಹೋದ.

"ಮೊದಮೊದ್ಲು ಮಕ್ಳಿಗೆ ಕೇಳ್ಲಿ ಅಂತ ಒಂದ್ ಸಾರಿ ಹಾರ್ನ್ ಹೊಡೀತಿದ್ದೆ. ಆಮ್ಯಾಕೆ ಉದ್ದಕ್ ಹೊಡೆಯಾಕ್ ಹತ್ತಿದೆ. ಯಾಕಪ್ಪಾ ಅಂತ ನೋಡ್ಕೊಂಡ್ರೆ, ಮಕ್ಳು ಆಗ್ಲೇ ಗಾಡೀಲಿ ಕೂತಿರೋವು. ನಾನು ಹೊಡೀತಿದ್ದದ್ದು ಅವುಗಳ ಅಪ್ಪ ಅಮ್ಮ ಬಾಗ್ಲಿಗೆ ಬಂದು ನನ್ನ ನೋಡ್ಲಿ ಅಂತ. ಅವತ್ತೇ ಹಾರ್ನಿನ ವೈರು ಕಿತ್ತಾಕ್‌ಬುಟ್ಟೆ. ಅಲ್ಲಾನಿಗೆ ಹಾರ್ನು ಬ್ಯಾಡ ಟೀಚರಮ್ಮ."

ಈಗ ಯಾರೂ ತನ್ನನ್ನು ನೋಡಿ ಸಲಾಂ ಹೊಡೆಯುವುದಿಲ್ಲ, ಒಂಥರಾ ನೆಮ್ಮದಿಯೇ ಆಗಿದೆ, ಹೀಗೇ ಬಿಟ್ಟುಬಿಡಿ ಎಂದ. ಬಾಗಿಲ ಪರದೆಯ ಹಿಂದೆ ಇಷ್ಟೂ ಹೊತ್ತು ಸುಮ್ಮನಿದ್ದ ಅವನ ಹೆಂಡತಿ ಚಾಂದ್‌ಬೀ ಆಗ ಹೊರಗೆ ಬಂದಳು. ಟೀ ಲೋಟವನ್ನು ಶಾಂತಾಬಾಯಿಯ ಕೈಗೆ ಕೊಡಲಿಲ್ಲ, ಪಕ್ಕದಲ್ಲಿ ಕುಕ್ಕಿದಳು.

"ನೆಮ್ಮದಿ ಇವ್ರಿಗೆ. ಮಗಳನ್ನ ಕೇಳಿರೋ ಕೃಷ್ಣಗಿರಿಯೋರು ಫೋನ್ ಮಾಡಿ, ನಿಮ್ಮೆಜಮಾನ್ರದ್ದು ಬಾಂಬ್ ಕೇಸಾ ಅಂತವ್ರೆ. ಒಳ್ಳೆಯೋರು ಅಂತ ಹೆಸ್ರು ಬ್ಯಾಡ, ಸರಿ. ಕೆಟ್ಟೋರು ಅಂತ ಹೆಸ್ರು ನನ್ನ ಮಗಳು ಯಾಕೆ ಹೊರ್ಬೇಕು?"

ಪ್ಯಾರೇಜಾನ್ ಗಡ್ಡ ನೀವಿಕೊಂಡ. ಅವಳು ಹೇಳುವುದು ದಿಟ, ಕೆಟ್ಟ ಹೆಸರು ಹೊತ್ತುಕೊಂಡು ಸುಮ್ಮನಿರುವುದರಲ್ಲೂ ಒಂದು ಠೇಂಕಾರ ಸೇರಿಕೊಂಡಿತ್ತೇನೋ ಎಂದು ಮೆಲ್ಲಗೆ ಅಂದ. ಆಮೇಲೆ ಶಾಂತಾಬಾಯಿಯ ಕಡೆ ತಿರುಗಿ, ನೀವು ಆಡಿದ ಮಾತನ್ನು ನೀವು ವಾಪಸ್ ತಗೊಳ್ಳಿ, ಅಷ್ಟೇ ಸಾಕು, ನನ್ನನ್ನು ಹೊಗಳಬೇಡಿ ಎಂದು ಭಾಷೆ ತೆಗೆದುಕೊಂಡ.

ವಾಪಸ್ ತಗೊಳ್ಳುವುದು ಆಡಿದಷ್ಟು ಸುಲಭವಲ್ಲ. ಗೋಪಿನಾಥ ಒಪ್ಪಲಿಲ್ಲ. ಇದು ನ್ಯೂಸ್ ಅಲ್ಲ ಮೇಡಂ, ಮೇಲಾಗಿ ನಿಮ್ಮ ಹೆಸರೇ ಕೆಡುತ್ತದೆ ಎಂದು ತಮಿಳಿನಲ್ಲೊಮ್ಮೆ ಕನ್ನಡದಲ್ಲೊಮ್ಮೆ ಬುದ್ಧಿ ಹೇಳಿದ. ಆ ರಾತ್ರಿ ಶಾಂತಾಬಾಯಿಗೆ ನಿದ್ದೆ ಇಲ್ಲ. ಮೇಷ್ಟರ ಮನೆಯ ಹೆಸರು ಉಳಿಸಲು ಏನೆಲ್ಲ ಮಾಡಿದ್ದರು, ಈಗ ಅದನ್ನೇ ಕೈಯಾರೆ ಬೀದಿಗೆ ಚೆಲ್ಲಬೇಕು. ಬೆಳಗಾದ ಮೇಲೆ ಆಫೀಸ್ ರೂಮಿನ ಚೌಕಟ್ಟನ್ನು ಇಳಿಸಿ ಗೋಡೆಗೆ ಮುಖಮಾಡಿ ಇಟ್ಟು, ಬಚ್ಚಪ್ಪನ ಅಂಗಡಿಗೆ ನಡೆದರು. ಪಟಾಕಿ ಆನೆಗೆಂದು ಇಟ್ಟಿದ್ದು, ಅವನ ಮೇಲೆ ಇಲ್ಲದ ಅನುಮಾನ ಹುಟ್ಟಿಸಿದ್ದು ನಾನು, ತಪ್ಪು ನನ್ನದು ಎಂದು ಎಲ್ಲರೆದುರು ಹೇಳಿದರು. ಯಾರೂ ನಗಲಿಲ್ಲ. ಅವರು ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಬಚ್ಚಪ್ಪ ಮೆಲ್ಲಗೆ ಅಂದದ್ದು ಕೇಳಿಸಿತು.

"ಸಾಬಿ ಈಯಮ್ಮಂಗೇ ನಾಮ ಹಾಕ್ಬುಟ್ಟ ಕಣ್ಲಾ. ಏನ್ ಕೊಟ್ಟವ್ನೋ."

ಶನಿವಾರ ಭಾನುವಾರ ದೊಡ್ಡಿಗಳಿಗೆ ಹೋದರು. ಮನೆಮನೆಗೂ ನಿಂತು ಹೇಳಿದರು. ಕೆಲವರು ಮುಖ ತಿರುಗಿಸಿದರು, ಕೆಲವರು ಒಳಗೆ ಕರೆಯಲೇ ಇಲ್ಲ. ಚೆಲುವಮ್ಮ ಎನ್ನುವ ಒಬ್ಬ ಅಜ್ಜಿ ಮಾತ್ರ ಕೈ ಹಿಡಿದುಕೊಂಡು, ತಪ್ಪು ಒಪ್ಪಿಕೊಳ್ಳೋಕೆ ಎಂಥಾ ದೊಡ್ಡ ಮನಸ್ಸವ್ವ ನಿಂದು ಎಂದು ಕಣ್ಣೊರೆಸಿಕೊಂಡಳು. ಶಾಂತಾಬಾಯಿ ಆ ಕೈಯನ್ನು ಬೇಗ ಬಿಡಿಸಿಕೊಳ್ಳಲಿಲ್ಲ. ಮುಂದಿನ ಮನೆಯಲ್ಲಿ ಅವರು ಸ್ವಲ್ಪ ವಿವರವಾಗಿ ಹೇಳಿದರು. ಅದರ ಮುಂದಿನ ಮನೆಯಲ್ಲಿ ನಾಮಪದದ ಪಾಠವನ್ನೂ ಸೇರಿಸಿದರು, ಎಲ್ಲಿ ದನಿ ನಡುಗಬೇಕೋ ಅಲ್ಲಿ ದನಿ ನಡುಗಿತು. ಅಕ್ಕಪಕ್ಕದ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತು ಕೇಳುತ್ತಿದ್ದರು.

ಬಾಗಿಲಲ್ಲಿ ನಿಂತ ಆ ಮುಖಗಳನ್ನು ಕಂಡದ್ದೇ ಶಾಂತಾಬಾಯಿಯ ಮಾತು ಅರ್ಧಕ್ಕೆ ನಿಂತಿತು. ಇದೇ ತಿರುವು. ಇಲ್ಲಿಯೇ ಆ ಟೆಂಪೊ ಉದ್ದಕ್ಕೆ ಹಾರ್ನು ಹೊಡೆಯುತ್ತಿದ್ದದ್ದು. ತಾವೂ ಈಗ ಹೊಡೆಯುತ್ತಿರುವುದು ಅದನ್ನೇ ಎಂದು ಅವರಿಗೆ ಗೊತ್ತಾಯಿತು. ತಪ್ಪು ನನ್ನದು, ಅಷ್ಟೇ ಎಂದು ಮುಗಿಸಿ, ಕೊಟ್ಟ ನೀರನ್ನೂ ಕುಡಿಯದೆ ಹೊರಟರು. ಉಳಿದ ಮನೆಗಳಲ್ಲಿ ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಕೃಷ್ಣಗಿರಿಗೆ ಸುಬ್ಬರಾಮರನ್ನು ಜೊತೆಗೆ ಕರೆದುಕೊಂಡು ಹೋದರು. ಹುಡುಗನ ತಂದೆ ಪೇಟೆಯಲ್ಲಿ ಮಾವಿನ ವ್ಯಾಪಾರಿ, ಖಲಂದರ್ ಸಾಬ್ ಎಂದು ಹೆಸರು, ಕನ್ನಡ ಬರುತ್ತಿತ್ತು. ಪೇಪರಿನ ತುಣುಕನ್ನು ಫೋನಿನಲ್ಲಿ ಇಟ್ಟುಕೊಂಡಿದ್ದ. ಫೋಟೊ ನೋಡಿ, ಇವರ ಮುಖ ನೋಡಿ, ನೀವೇ ಅಲ್ವಾ ಎಂದ. ನಾನೇ ಎಂದರು ಶಾಂತಾಬಾಯಿ. ಇದರಲ್ಲಿ ಬರೆದದ್ದು ಸುಳ್ಳು, ಅದು ಆನೆಗೆ ಇಟ್ಟ ಪಟಾಕಿ, ಪೊಲೀಸರೂ ಏನಿಲ್ಲವೆಂದು ಬಿಟ್ಟಿದ್ದಾರೆ, ಅನುಮಾನ ಹಬ್ಬಿಸಿದ್ದು ನಾನು ಎಂದರು.

ಹಾಗಾದರೆ ಆ ಮನುಷ್ಯ ಒಳ್ಳೆಯವನಾ ಎಂದು ಅವನು ಕೇಳಿದ. ಶಾಂತಾಬಾಯಿಯ ನಾಲಿಗೆಯ ತುದಿಯಲ್ಲಿ ಎಲ್ಲವೂ ಇತ್ತು. ಒಣತುಟಿಯ ರಂಜಾನು, ಹುಣಿಸೆಯಿಲ್ಲದ ಜೂನಿನಲ್ಲೂ ಮಕ್ಕಳಿಗಾಗಿಯೇ ಬಂದ ಗಾಡಿ, ಕಿತ್ತ ವೈರು, ಎಲ್ಲ. ಹೇಳಿಬಿಟ್ಟಿದ್ದರೆ ಅವತ್ತೇ ನಿಶ್ಚಿತಾರ್ಥವಾಗುತ್ತಿತ್ತೇನೋ. ಕೊಟ್ಟ ಭಾಷೆ ನೆನಪಾಗಿ ಅದನ್ನೆಲ್ಲ ನುಂಗಿಕೊಂಡು, ಅದು ನೀವು ಹೋಗಿ ನೋಡಿ ತಿಳಿಯಬೇಕಾದ್ದು, ನನಗೆ ಗೊತ್ತಿರುವುದು ನನ್ನ ತಪ್ಪು ಮಾತ್ರ ಎಂದರು.

ಖಲಂದರ್ ಸಾಬ್ ಫೋ‌ನನ್ನು ಜೇಬಿಗೆ ಹಾಕಿಕೊಂಡ. ಅವನ ಮುಖದಲ್ಲಿ ಅನುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ. ನಮ್ಮ ಜಮಾತಿನಲ್ಲಿ ನಾಲ್ಕು ಜನ ಕೇಳ್ತಾರಮ್ಮ, ಸುಳ್ಳು ಹಬ್ಬಿಸಿದ್ದು ಯಾರು ಅಂತ, ಏನ್ ಹೇಳ್ಲಿ ಎಂದ. ಸುಬ್ಬರಾಮ ಮೆಲ್ಲಗೆ ಹೆಂಡತಿಯ ಕೈ ಮುಟ್ಟಿದರು. ಶಾಂತಾಬಾಯಿ ಆ ಕೈಯನ್ನು ಸರಿಸಿ ನೆಟ್ಟಗೆ ಕೂತರು.

"ನನ್ನ ನಾಮ ಹಾಕಿ," ಅಂದರು.